ಟ್ರೇಲರ್ ಎಳೆಯಲು ಹೆಚ್ಚಿನ ಆಕ್ಟೇನ್ ಪೆಟ್ರೋಲ್ ಬೇಕೇ?

ಪೆಟ್ರೋಲ್ ಕಾರಿನ ಹಿಂದೆ ಒಂದು ಟನ್ನಿನಷ್ಟು ಭಾರದ ಟ್ರೇಲರ್ ಕಟ್ಟಿಕೊಂಡು ಬೆಟ್ಟ ಹತ್ತಬೇಕಿದೆ, ಕೈಪಿಡಿ ಸಾಮಾನ್ಯ ಪೆಟ್ರೋಲ್ ಸಾಕು ಎನ್ನುತ್ತದೆ, ಆದರೂ ಹೆಚ್ಚಿನ ಆಕ್ಟೇನ್‌ನದನ್ನು ಹಾಕಿಸಿದರೆ ಎಳೆಯುವ ಬಲ ಹೆಚ್ಚೀತೇ ಎಂದು ಕೇಳಿದ್ದೀರಿ. ಉತ್ತರ ನಿಂತಿರುವುದು ಒಂದೇ ಸಂಗತಿಯ ಮೇಲೆ: ನಿಮ್ಮ ಎಂಜಿನ್‌ಗೆ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇದೆಯೇ? ಇಲ್ಲದಿದ್ದರೆ, ಏರಿನಲ್ಲಿ ಎಂಜಿನ್ ಬಡಿದುಕೊಳ್ಳುವ ಸದ್ದೂ ಕೇಳಿಸದಿದ್ದರೆ, ಆ ಹಣ ನಿಮ್ಮ ಜೇಬಿನಲ್ಲೇ ಇರಲಿ. ಟರ್ಬೊ ಇದ್ದರೆ ಮಾತು ಬೇರೆ. ಡೀಸೆಲ್ ಗಾಡಿಯವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿನ ಅಳತೆ ಸೀಟೇನ್, ಅದರ ಲೆಕ್ಕಾಚಾರವೇ ಬೇರೆ.

ಹೆಚ್ಚಿನ ಆಕ್ಟೇನ್ ಎಂದರೆ ಹೆಚ್ಚು ಕಸುವುಳ್ಳ ಪೆಟ್ರೋಲ್ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆ ಸಂಖ್ಯೆ ಅಳೆಯುವುದು ಕಸುವನ್ನಲ್ಲ, ತಾಳಿಕೆಯನ್ನು. ಪಿಸ್ಟನ್ ಮೇಲೇರಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತಿ ಹಿಡಿದಾಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಬೆಂಕಿ ಅಲ್ಲಿಂದ ಹೊರಟು ಸಿಲಿಂಡರಿನ ಅಂಚಿನವರೆಗೆ ಹದವಾಗಿ ಹರಡಬೇಕು. ಅದು ಹರಡುತ್ತಿರುವಾಗಲೇ ಒತ್ತಡ ಏರುತ್ತಾ ಹೋಗಿ, ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣ ಬಿಸಿಯಾಗುತ್ತದೆ. ಬೆಂಕಿ ತಲುಪುವ ಮೊದಲೇ ಅದು ತಾನಾಗಿ ಹೊತ್ತಿಕೊಂಡರೆ ಪಿಸ್ಟನ್ನಿಗೆ ಸುತ್ತಿಗೆಯಿಂದ ಹೊಡೆದಂತಹ ಏಟು ಬೀಳುತ್ತದೆ. ಇದೇ ನಾಕಿಂಗ್. ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂತಹ ಸದ್ದು ಬರುತ್ತದೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ. ಬಹುಕಾಲ ಹಾಗೆಯೇ ಬಿಟ್ಟರೆ ಪಿಸ್ಟನ್ನಿನ ಮೇಲ್ಭಾಗ, ರಿಂಗ್ ಕೂರುವ ಅಂಚುಗಳು, ಹೆಡ್ ಗ್ಯಾಸ್ಕೆಟ್ ಎಲ್ಲವೂ ಹಾಳಾಗುತ್ತವೆ.

ಈ ಅಕಾಲದ ಬೆಂಕಿಯನ್ನು ಪೆಟ್ರೋಲ್ ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದೇ ಆಕ್ಟೇನ್ ಸಂಖ್ಯೆ. ಸುಲಭಕ್ಕೆ ನಾಕ್ ಆಗದ ಐಸೊ-ಆಕ್ಟೇನ್‌ಗೆ 100, ಬೇಗ ನಾಕ್ ಆಗುವ ಹೆಪ್ಟೇನ್‌ಗೆ 0 ಎಂದು ಇಟ್ಟುಕೊಂಡು ಉಳಿದದ್ದನ್ನೆಲ್ಲ ಅಳೆಯುತ್ತಾರೆ. 95 ಎಂದರೆ, ಪರೀಕ್ಷೆಯ ಎಂಜಿನ್ನಿನಲ್ಲಿ ಅದು 95 ಪಾಲು ಐಸೊ-ಆಕ್ಟೇನ್, 5 ಪಾಲು ಹೆಪ್ಟೇನ್ ಬೆರೆಸಿದ ದ್ರವದಂತೆ ವರ್ತಿಸಿತು ಎಂದರ್ಥ. ಕಸುವಿಗೂ ಇದಕ್ಕೂ ನಂಟಿಲ್ಲ ಎನ್ನುವುದಕ್ಕೆ ಎಥೆನಾಲ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. ಅದರ ಆಕ್ಟೇನ್ ಪೆಟ್ರೋಲಿಗಿಂತ ಬಹಳ ಹೆಚ್ಚು, ಆದರೆ ಒಂದು ಲೀಟರಿನಲ್ಲಿರುವ ಶಕ್ತಿ ಸುಮಾರು ಮೂರನೇ ಒಂದು ಪಾಲು ಕಡಿಮೆ.

ಸಂಖ್ಯೆಗಳನ್ನು ಹೋಲಿಸುವಾಗ ಎಚ್ಚರವಿರಲಿ. ಹೆಚ್ಚಿನ ದೇಶಗಳ ಬಂಕ್‌ಗಳಲ್ಲಿ ಬರೆದಿರುವುದು ಆರ್‌ಒಎನ್ ಎಂಬ ಅಳತೆ. ಅಮೆರಿಕದಲ್ಲಿ ಅದರ ಮತ್ತು ಎಂಒಎನ್ ಎಂಬ ಇನ್ನೂ ಕಠಿಣ ಪರೀಕ್ಷೆಯ ಸರಾಸರಿಯನ್ನು ಬರೆಯುತ್ತಾರೆ. ಹಾಗಾಗಿ ಅಲ್ಲಿನ 87 ಎಂದರೆ ಉಳಿದೆಡೆಯ 91ರ ಆಸುಪಾಸು. ಅಮೆರಿಕದವರೊಬ್ಬರು ‘91 ಹಾಕಿಸಿ’ ಎಂದು ಕೊಟ್ಟ ಸಲಹೆಯನ್ನು ಹಾಗೆಯೇ ಪಾಲಿಸಿ, ದುಬಾರಿ ಪೆಟ್ರೋಲ್ ಹಾಕಿಸಿದೆನೆಂದುಕೊಂಡು ಸಾಮಾನ್ಯದ್ದನ್ನೇ ತುಂಬಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಈಗ ಟ್ರೇಲರಿನ ಮಾತು. ಬರಿಯ ಕಾರು ಸಮತಟ್ಟಾದ ರಸ್ತೆಯಲ್ಲಿ ಓಡುವಾಗ ಎಂಜಿನ್ ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ನಾಕಿಂಗ್ ಹತ್ತಿರವೂ ಸುಳಿಯುವುದಿಲ್ಲ. ಭಾರ ಕಟ್ಟಿಕೊಂಡು ಏರು ಹತ್ತುವಾಗ ಆಕ್ಸಿಲರೇಟರ್ ಬಹುಪಾಲು ಒತ್ತಿಯೇ ಇರುತ್ತದೆ, ಅದೂ ಹತ್ತಾರು ನಿಮಿಷ. ಸಿಲಿಂಡರಿನ ಒತ್ತಡ ಹೆಚ್ಚು, ಎಂಜಿನ್ ಬಿಸಿ, ಒಳಗೆ ಬರುವ ಗಾಳಿಯೂ ಬಿಸಿ. ಪೆಟ್ರೋಲಿನ ತಾಳಿಕೆ ಪರೀಕ್ಷೆಗೊಳಗಾಗುವುದು ಈ ಹೊತ್ತಿನಲ್ಲೇ. ಆದ್ದರಿಂದ ನಿಮ್ಮ ಪ್ರಶ್ನೆ ಪೊಳ್ಳು ಅನುಮಾನವಲ್ಲ, ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೀರಿ.

ಇಂದಿನ ಎಂಜಿನ್‌ಗಳಲ್ಲಿ ನಾಕಿಂಗನ್ನು ಆಲಿಸಲು ಒಂದು ಸೆನ್ಸರ್ ಇರುತ್ತದೆ. ಸದ್ದಿನ ಸುಳಿವು ಸಿಕ್ಕ ಕೂಡಲೇ ಕಂಪ್ಯೂಟರ್ ಕಿಡಿಯನ್ನು ತುಸು ತಡವಾಗಿಸುತ್ತದೆ. ಎಂಜಿನ್ ಉಳಿಯುತ್ತದೆ, ಆದರೆ ಶಕ್ತಿ ಕುಗ್ಗುತ್ತದೆ, ಪಿಸ್ಟನ್ನನ್ನು ತಳ್ಳಬೇಕಿದ್ದ ಶಾಖ ಹೊಗೆಕೊಳವೆಯ ಪಾಲಾಗುತ್ತದೆ. ಟರ್ಬೊ ಎಂಜಿನ್ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ಗಡಿಯನ್ನು ಬೇಗ ಮುಟ್ಟುತ್ತದೆ. ಹೆಚ್ಚಿನ ಆಕ್ಟೇನ್ ಅಲ್ಲಿ ಹೊಸ ಶಕ್ತಿಯನ್ನೇನೂ ತರುವುದಿಲ್ಲ. ಕಂಪ್ಯೂಟರ್ ಬಿಟ್ಟುಕೊಟ್ಟಿದ್ದನ್ನು ಮರಳಿಸುತ್ತದೆ. ಫೋರ್ಡ್ ತನ್ನ ಇಕೊಬೂಸ್ಟ್ ಟರ್ಬೊ ಎಂಜಿನ್ ಇರುವ ಪಿಕಪ್‌ಗಳ ಕೈಪಿಡಿಯಲ್ಲಿ, ಸಾಮಾನ್ಯ ಪೆಟ್ರೋಲ್ ನಡೆಯುತ್ತದೆ ಎನ್ನುತ್ತಲೇ, ಟ್ರೇಲರ್ ಎಳೆಯುವಂತಹ ಕೆಲಸಕ್ಕೆ ಪ್ರೀಮಿಯಂ, ಅಂದರೆ ಹೆಚ್ಚಿನ ಆಕ್ಟೇನ್‌ನ ಪೆಟ್ರೋಲ್, ಬಳಸಲು ಹೇಳಿರುವುದು ಇದಕ್ಕಾಗಿಯೇ. ಹಾಗೆಂದು ಭಾರಿ ಲಾಭದ ಕನಸು ಬೇಡ. ಅಮೆರಿಕದ ವಾಹನ ಚಾಲಕರ ಸಂಘಟನೆ ಎಎಎ 2017ರಲ್ಲಿ, ಪ್ರೀಮಿಯಂ ಕಡ್ಡಾಯವಲ್ಲದಿದ್ದರೂ ಶಿಫಾರಸು ಮಾಡಲಾದ ವಾಹನಗಳನ್ನು ಪರೀಕ್ಷಿಸಿದಾಗ ಸರಾಸರಿ ಶಕ್ತಿ ಶೇ 1.4ರಷ್ಟು, ಮೈಲೇಜ್ ಶೇ 2.7ರಷ್ಟು ಮಾತ್ರ ಹೆಚ್ಚಿತ್ತು.

ನನ್ನ ಅನುಭವವೂ ಇದಕ್ಕೆ ಹೊಂದುತ್ತದೆ. ಮೊದಲಿದ್ದ ಟರ್ಬೊ ಇಲ್ಲದ ಕಾರಿನಲ್ಲಿ ಒಂದೇ ಟ್ರೇಲರ್, ಒಂದೇ ಏರು, ಎರಡು ಬಗೆಯ ಪೆಟ್ರೋಲ್ ಹಾಕಿ ಹಲವು ಸಲ ಹತ್ತಿದೆ. ಎಳೆತದಲ್ಲಾಗಲಿ ಮೈಲೇಜಿನಲ್ಲಾಗಲಿ ಏನೂ ಬದಲಾಗಲಿಲ್ಲ. ಈಗಿನ ಟರ್ಬೊ ಕಾರಿನಲ್ಲಿ, ಬಿರುಬಿಸಿಲಿನ ಮಧ್ಯಾಹ್ನ ಉದ್ದನೆಯ ಏರಿನಲ್ಲಿ, ಸಾಮಾನ್ಯ ಪೆಟ್ರೋಲ್ ಇದ್ದಾಗ ಗಾಡಿ ಮೆಲ್ಲಗೆ ಸುಸ್ತಾಗುವುದು ಕಾಲಿಗೇ ತಿಳಿಯುತ್ತಿತ್ತು. 95ರಿಂದ 98ಕ್ಕೆ ಹೋದಾಗ ಅದೇ ಏರಿನಲ್ಲಿ ಗೇರ್ ಇಳಿಸದೆ ಹೋಯಿತು. ತಂಪು ಮುಂಜಾನೆಗಳಲ್ಲಿ ಈ ವ್ಯತ್ಯಾಸ ಕಾಣಿಸಲಿಲ್ಲ.

ಆದರೆ ಪೆಟ್ರೋಲಿಗಿಂತ ಹೆಚ್ಚು ಕೆಲಸ ಮಾಡುವುದು ಗೇರ್. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಶಕ್ತಿ ಎಂದರೆ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಮತ್ತು ಸುತ್ತುವ ವೇಗದ ಗುಣಲಬ್ಧ. ನಿಮಿಷಕ್ಕೆ 1,500 ಸುತ್ತಿನಲ್ಲಿ ಮುಲುಗುತ್ತಾ ಹತ್ತುವ ಬದಲು ಗೇರ್ ಇಳಿಸಿ 3,000 ಸುತ್ತಿನಲ್ಲಿ ಅದೇ ವೇಗದಲ್ಲಿ ಹತ್ತಿದರೆ, ಬೇಕಾಗುವ ಟಾರ್ಕ್ ಅರ್ಧಕ್ಕಿಳಿಯುತ್ತದೆ, ಸಿಲಿಂಡರಿನ ಮೇಲಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಮೂಲೆಯ ಮಿಶ್ರಣಕ್ಕೆ ತಾನಾಗಿ ಹೊತ್ತಿಕೊಳ್ಳಲು ಸಿಗುವ ಸಮಯವೂ ಕಡಿಮೆ. ಎಂಜಿನ್ ಜೋರಾಗಿ ಕೂಗುತ್ತದೆಂದು ಹೆದರಿ ದೊಡ್ಡ ಗೇರಿನಲ್ಲೇ ಎಳೆಯುವವರು ಎಂಜಿನ್ನಿಗೆ ದಯೆ ತೋರುತ್ತಿಲ್ಲ, ಅದನ್ನು ಹಿಂಸಿಸುತ್ತಿದ್ದಾರೆ. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಎಂಜಿನ್‌ಗಳಲ್ಲಿ ಹೀಗೆ ಎಳೆದರೆ ಕಿಡಿ ಹಾರುವ ಮೊದಲೇ ಬೆಂಕಿ ಹತ್ತುವ ಇನ್ನೊಂದು ಕಾಯಿಲೆಯೂ ಬರಬಹುದು. ಅದಕ್ಕೆ ಆಕ್ಟೇನ್ ಮದ್ದಲ್ಲ. ಗೇರ್ ಇಳಿಸುವುದು, ಮತ್ತು ಇದನ್ನು ತಡೆಯಲೆಂದೇ ರೂಪಿಸಿದ ಎಪಿಐ ಎಸ್‌ಪಿ ದರ್ಜೆಯ ಎಂಜಿನ್ ಆಯಿಲ್ ಮದ್ದು.

ವೇಗದ ವಿಷಯವೂ ಹೀಗೆಯೇ. ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 100 ಕಿ.ಮೀ. ಬದಲು 80ರಲ್ಲಿ ಹೋದರೆ ಅದು ಶೇ 36ರಷ್ಟು ಇಳಿಯುತ್ತದೆ. ಎತ್ತರದ ಟ್ರೇಲರ್ ಆದರೆ ಯಾವ ಪೆಟ್ರೋಲೂ ಇಷ್ಟು ಉಳಿಸಿಕೊಡಲಾರದು.

ಬೆಟ್ಟದ ಬಗ್ಗೆ ಇನ್ನೊಂದು ಮಾತು: ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಎಂಜಿನ್ನಿಗೆ ಬೇಕಾಗುವ ಆಕ್ಟೇನ್ ಕಡಿಮೆಯಾಗುತ್ತದೆ. ಅಲ್ಲಿ ಗಾಡಿ ಸೊರಗಿದರೆ ಗಾಳಿಯ ಕೊರತೆ ಕಾರಣ, ಪೆಟ್ರೋಲ್ ಅಲ್ಲ.

ಕೈಪಿಡಿಯನ್ನು ಮತ್ತೊಮ್ಮೆ ತೆರೆದು ಪದಗಳನ್ನು ಗಮನಿಸಿ. ಹೆಚ್ಚಿನ ಆಕ್ಟೇನ್ ಕಡ್ಡಾಯ ಎಂದಿದ್ದರೆ ಟ್ರೇಲರ್ ಇರಲಿ ಬಿಡಲಿ ಅದನ್ನೇ ಹಾಕಿಸಬೇಕು. ಶಿಫಾರಸು ಎಂದಿದ್ದರೆ, ಉಳಿದ ದಿನ ಹೇಗಾದರೂ ಇರಲಿ, ಭಾರ ಎಳೆಯುವ ದಿನ ಹಾಕಿಸಿ. ಸಾಮಾನ್ಯ ಪೆಟ್ರೋಲ್ ಸಾಕು ಎಂದಷ್ಟೇ ಇದ್ದರೆ ಏರಿನಲ್ಲಿ ಕಿಟಕಿ ಇಳಿಸಿ ಕಿವಿಗೊಡಿ. ಡಬ್ಬಿಯ ಹರಳಿನ ಸದ್ದು ಬಂದರೆ ತಕ್ಷಣ ಕಾಲು ಸಡಿಲಿಸಿ, ಗೇರ್ ಇಳಿಸಿ. ಆಮೇಲೂ ನಿಲ್ಲದಿದ್ದರೆ ಮುಂದಿನ ಬಂಕಿನಲ್ಲಿ ಒಂದು ಹಂತ ಮೇಲಿನ ಪೆಟ್ರೋಲ್ ಹಾಕಿಸಿ. ಅದನ್ನೇ ಶಾಶ್ವತ ಪರಿಹಾರ ಮಾಡಿಕೊಳ್ಳಬೇಡಿ. ಸರಿಯಾದ ಪೆಟ್ರೋಲಿನಲ್ಲೂ ನಾಕ್ ಆಗುವ ಎಂಜಿನ್ನಿನಲ್ಲಿ ಕೂತ ಮಸಿಯನ್ನೋ ಕೂಲಂಟಿನ ತೊಂದರೆಯನ್ನೋ ಮೆಕ್ಯಾನಿಕ್ ನೋಡಬೇಕು.

ಹಾಕಿಸುವುದಾದರೆ ಟ್ಯಾಂಕ್ ಬಹುತೇಕ ಖಾಲಿಯಾದಾಗ, ಏರು ಶುರುವಾಗುವುದಕ್ಕೆ ಸಾಕಷ್ಟು ಮೊದಲೇ ಹಾಕಿಸಿ. ಅರ್ಧ ಟ್ಯಾಂಕ್ 91ರ ಮೇಲೆ ಅರ್ಧ 95 ಸುರಿದರೆ ಸಿಗುವುದು ಸುಮಾರು 93. ಕಂಪ್ಯೂಟರಿಗೂ ತಡವಾಗಿಸಿದ ಕಿಡಿಯನ್ನು ಮತ್ತೆ ಮೊದಲಿನ ಹೊತ್ತಿಗೆ ತರಲು ಒಂದಷ್ಟು ಓಡಾಟ ಬೇಕು. ಎಂಜಿನ್ ಯಾವುದು, ಕೈಪಿಡಿಯ ಆ ಸಾಲಿನಲ್ಲಿ ಏನಿದೆ ಎಂದು ಬರೆಯಿರಿ, ನಿಮ್ಮ ಗಾಡಿಗೇ ಹೊಂದುವ ಹಾಗೆ ಹೇಳುತ್ತೇನೆ.