ಧನುಮಾಸದ ಮಂಜಿನಲ್ಲಿ ಅಂಟಿಸಿದಂಥ ತಮ್ಮ

ಪೆರ್ಲದ ಓದುಗರಿಗೆ,

ಹಿಮದಲ್ಲಿ ಒಬ್ಬಂಟಿಯಾಗಿ ನಿಂತ ಮನುಷ್ಯರ ಚಿತ್ರಗಳನ್ನು ಕಂಡು, ಧನುಮಾಸದ ಬೆಳಗ್ಗೆ ತಮ್ಮನನ್ನು ಪೊಸಡಿಗುಂಪೆ ಗುಡ್ಡಕ್ಕೆ ಕರೆದೊಯ್ದು ಫೋಟೋ ತೆಗೆದಿರಿ. ಅವುಗಳಲ್ಲಿ ಮಂಜು ಕೊಳೆಬೂದು, ತಮ್ಮ ಮೇಲಿಂದ ಅಂಟಿಸಿದಂತೆ. ‘ಹಿಮ ಬೀಳದ ಊರಿಗೆ ಈ ಕಲೆ ಒಗ್ಗದೇ?’ ಎಂದಿದ್ದೀರಿ.

ಧಾರಾಳವಾಗಿ ಒಗ್ಗುತ್ತದೆ. ಬೂದುಬಣ್ಣಕ್ಕೆ ಕಾರಣ ಕ್ಯಾಮೆರಾದೊಳಗಿನ ಬೆಳಕಿನ ಮೀಟರ್. ಎದುರು ಏನಿದ್ದರೂ ಅದನ್ನು ನಡುಬೂದು ಬಣ್ಣಕ್ಕೆ ಎಳೆಯುವುದು ಅದರ ಜಾಯಮಾನ. ಫಿನ್ಲೆಂಡಿನ ಹಿಮವೂ ಆ ಗುಡ್ಡದ ಬಳಿಯ ಬಾಯಾರಿನ ಮಂಜೂ ಅದಕ್ಕೆ ಒಂದೇ. ಹಿಮಕ್ಕೆ ಎಕ್ಸ್‌ಪೋಶರನ್ನು 1ರಿಂದ 1.7 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಏರಿಸುತ್ತಾರೆ, ನಮ್ಮ ಮಂಜಿಗೆ 0.7ರಿಂದ 1 ಸಾಕು. ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರುವ ಹಿಸ್ಟೋಗ್ರಾಮಿನ ದಿಬ್ಬ ಬಲಕ್ಕೆ ಸರಿಯಲಿ, ಅಂಚಿಗೆ ಬಡಿಯದಿರಲಿ.

ಅಂಟಿಸಿದಂತೆ ಕಾಣುವುದು ಬೇರೆ ಕತೆ. ತಮ್ಮ ನಿಂತಿರುವುದು ನಾಲ್ಕೈದು ಮೀಟರಿನಲ್ಲಿ; ಅಷ್ಟು ಹತ್ತಿರದವನನ್ನು ಮಂಜು ಮುಟ್ಟುವುದೇ ಇಲ್ಲ. ಹಿಂದಿನ ಗುಡ್ಡ ಅಳಿಸಿಹೋಗಿದೆ, ಅವನ ಕಪ್ಪಂಗಿ ಮಾತ್ರ ಕಡುಗಪ್ಪು. 85 ಎಂಎಂ ಲೆನ್ಸ್ ಹಾಕಿ 15–20 ಮೀಟರ್ ಆಚೆ ಕಳಿಸಿ, ಮಂಜು ದಟ್ಟವಿದ್ದರೆ ಹತ್ತು. ಮುಂದೆ ಒಣಗಿದ ಮುಳಿಹುಲ್ಲು, ನಡುವೆ ಅವನು, ಹಿಂದೆ ಒಂದು ಗೇರುಮರ: ಮೂರೂ ಒಂದಕ್ಕಿಂತ ಒಂದು ಮಸುಕಾಗುತ್ತ ಹೋದರೆ ಆಳ ತಾನಾಗಿ ಬರುತ್ತದೆ. ಬಿಳಿ ಮುಂಡು ಮಂಜಿನಲ್ಲಿ ಕರಗುತ್ತದೆ, ಕೆಂಪು ಬೈರಾಸು (ಹೆಗಲ ಟವೆಲು) ಚಿತ್ರವನ್ನೇ ನುಂಗುತ್ತದೆ. ಮಳೆಗಾಲ ಕಂಡು ಕಂದಿದ ಮುರಕಲ್ಲಿನ ಬಣ್ಣದ ಬಟ್ಟೆ ಇದ್ದರೆ ಅದೇ ಸರಿ.

ಹೆಗಲಿನ ಸುತ್ತ ನೂಲಿನಷ್ಟು ಬಿಳಿಗೆರೆ ಕಾಣುತ್ತಿದೆಯಲ್ಲ, ಅದು ಫೋಟೋ ತಿದ್ದುವಾಗ, ಮಸುಕು ತೆಗೆದು ಅಂಚು ಚುರುಕಾಗಿಸುವ ಕ್ಲಾರಿಟಿ ಸ್ಲೈಡರ್ ಎಳೆದ ಗುರುತು. ಮಂಜನ್ನು ಹುಡುಕಿಕೊಂಡು ಗುಡ್ಡ ಹತ್ತಿ, ಮನೆಗೆ ಬಂದು ಅದನ್ನೇ ಒರೆಸುವುದೇಕೆ!

ಮಂಜಿನಲ್ಲಿ ಆಟೋಫೋಕಸ್ ತಡಕಾಡುತ್ತದೆ. ಒಂದೇ ಫೋಕಸ್ ಬಿಂದುವನ್ನು ಅಂಗಿಯ ಕಾಲರಿನ ಅಂಚಿಗೆ ಇಟ್ಟು ಹಿಡಿದು, ಕೂಡಲೇ ಮ್ಯಾನ್ಯುಯಲ್‌ಗೆ ತಿರುಗಿಸಿ.

ಮುಖವಂತೂ ಬೇಕೆಂದೇ ಇಲ್ಲ. ಫಿನ್ಲೆಂಡಿನಲ್ಲಿ ಹುಟ್ಟಿದ ಛಾಯಾಗ್ರಾಹಕ ಆರ್ನೊ ರಫೇಲ್ ಮಿಂಕಿನೆನ್ 1970ರ ದಶಕದಿಂದ ಹಿಮ, ಸರೋವರಗಳ ನಡುವೆ ತಮ್ಮದೇ ಮೈಯನ್ನು ಚಿತ್ರಿಸುತ್ತ ಬಂದವರು. ಎಷ್ಟೋ ಕಡೆ ಕಾಣುವುದು ಬರೀ ಕೈ, ಕಾಲು, ಬೆನ್ನು. ‘ಪೋಸ್ ಕೊಡು’ ಎಂದರೆ ತಮ್ಮನ ಹೆಗಲು ಬಿಗಿಯುತ್ತದೆ. ಬರಿಗಾಲಲ್ಲಿ ಇಬ್ಬನಿಯ ಹುಲ್ಲಿನ ಮೇಲೆ ಬೆನ್ನು ಹಾಕಿ ನಿಲ್ಲಿಸಿ, ಎರಡು ನಿಮಿಷ ಸುಮ್ಮನಿರಿ. ಹೆಗಲು ಇಳಿದ ಮೇಲೆ ಕ್ಲಿಕ್ಕಿಸಿ.

ಕೊನೆಯ ನಾಲ್ಕು ಚಿತ್ರಗಳ ನಡುಭಾಗದಲ್ಲಿ ಕಾಣುವ ಮಬ್ಬು ಹೊರಗಿನ ಮಂಜಲ್ಲ, ಲೆನ್ಸಿನ ಮೇಲಿನ ಹನಿ. ಎಸಿ ಕೋಣೆಯಿಂದ ಕ್ಯಾಮೆರಾ ತಂದಿದ್ದರೆ ಚೀಲ ಬಿಚ್ಚದೆ ಅರ್ಧ ಗಂಟೆ ಹೊರಗಿಡಿ. ಒರೆಸಿದರೆ ಮತ್ತೆ ಕಟ್ಟುತ್ತದೆ.

— ಸಂ.