ಕೇಳಿ ನೋಡಿ: ಬಿಳಿ ಪುಡಿ, ಕೆಂಪು ಬೆಳಕು

ಪ್ರಶ್ನೆ: ಪ್ರಾಜೆಕ್ಟ್‌ಗೆಂದು ನಮ್ಮ ಮೇಡಂ ಎರಡು ಸಣ್ಣ ಬಾಟಲಿ ಕೊಟ್ಟರು. ಎರಡರಲ್ಲೂ ಸೀಮೆಸುಣ್ಣದಂಥ ಬಿಳಿ ಪುಡಿ. ಯುವಿ ದೀಪ ಹಿಡಿದರೆ ಒಂದು ಕೆಂಪು, ಇನ್ನೊಂದು ಹಸಿರು. ಯುರೋಪಿಯಂ, ಟರ್ಬಿಯಂ ಎಂಬ ವಿರಳ ಭೂಲೋಹಗಳ ಕೋಆರ್ಡಿನೇಶನ್ ಪಾಲಿಮರ್ ಅಂತ ಹೇಳಿದರು. ಆದರೆ ಇದನ್ನು ಮಾಡಲು ಬಳಸಿದ ಯುರೋಪಿಯಂ ನೈಟ್ರೇಟ್ ಅದೇ ದೀಪದ ಕೆಳಗೆ ತೀರಾ ಮಂಕು. ಅದೇ ಲೋಹ ಅಲ್ವಾ ಸರ್?
– ರಸಾಯನಶಾಸ್ತ್ರದ ವಿದ್ಯಾರ್ಥಿನಿ

ಉತ್ತರ: ಅದೇ ಲೋಹ ಕಣಮ್ಮಾ. ಜೊತೆಗಿರುವವರು ಬೇರೆ.

ಯುರೋಪಿಯಂ ಬೆಳಕು ಕೊಡುವುದರಲ್ಲಿ ಧಾರಾಳಿ, ತೆಗೆದುಕೊಳ್ಳುವುದರಲ್ಲಿ ಮಾತ್ರ ಮಹಾ ಸಂಕೋಚ. ಬೆಳಕಿನ ಕೆಲಸ ಮಾಡುವ ಅದರ 4ಎಫ್ ಎಲೆಕ್ಟ್ರಾನ್‌ಗಳು ಒಳಮನೆಯಲ್ಲಿವೆ. ಹೊರಗೆ 5ಎಸ್, 5ಪಿ ಎಲೆಕ್ಟ್ರಾನ್‌ಗಳ ಗೋಡೆ. ಹೊರಗಿನ ಗದ್ದಲ ಒಳಗೆ ಅಷ್ಟಾಗಿ ಮುಟ್ಟುವುದಿಲ್ಲ. ಹಾಗಾಗಿ ಯಾವುದರ ಜೊತೆ ಕಟ್ಟಿದರೂ ಯುರೋಪಿಯಂನ ಕೆಂಪು 615 ನ್ಯಾನೊಮೀಟರ್ ಆಸುಪಾಸಿನಲ್ಲೇ, ಟರ್ಬಿಯಂನ ಹಸಿರು 545ರ ಆಸುಪಾಸಿನಲ್ಲೇ. ಗೆರೆ ಎಳೆದ ಹಾಗೆ ಸಣ್ಣ ಪಟ್ಟಿ. ಆದರೆ ಒಂದು ಎಫ್ ಮಟ್ಟದಿಂದ ಇನ್ನೊಂದು ಎಫ್ ಮಟ್ಟಕ್ಕೆ ಏರುವುದಕ್ಕೆ ಕ್ವಾಂಟಂ ನಿಯಮದ ಅಡ್ಡಿ ಇದೆ. ಬಂದ ಬೆಳಕಿನಲ್ಲಿ ಬಹುಪಾಲನ್ನು ಲೋಹ ಹೀರುವುದೇ ಇಲ್ಲ. ನಿಮ್ಮ ನೈಟ್ರೇಟ್ ಮಂಕಾಗಿರುವುದು ಮುಖ್ಯವಾಗಿ ಇದಕ್ಕೇ.

ಪಾಲಿಮರ್‌ನಲ್ಲಿ ಟೆರೆಫ್ತಾಲಿಕ್ ಆಮ್ಲದಂಥ ಲಿಂಕರ್ ಇರುತ್ತದೆ. ನಡುವೆ ಬೆಂಜೀನ್ ಉಂಗುರ, ಎರಡು ತುದಿಯಲ್ಲೂ ಲೋಹವನ್ನು ಹಿಡಿಯುವ ಕೈ. ಲೋಹ, ಲಿಂಕರ್, ಲೋಹ, ಲಿಂಕರ್ ಅಂತ ಬಲೆ ಹೆಣೆದುಕೊಳ್ಳುತ್ತದೆ. (ಪಾಲಿಮರ್ ಅಂದಕೂಡಲೇ ಪ್ಲಾಸ್ಟಿಕ್ ನೆನೆಯಬೇಡಿ. ಇಲ್ಲಿ ಸಾಮಾನ್ಯವಾಗಿ ಸಿಗುವುದು ಹರಳು.) ಆ ಉಂಗುರ ಯುವಿ ಬೆಳಕನ್ನು ಲೋಹಕ್ಕಿಂತ ಸಾವಿರಾರು ಪಟ್ಟು ಚೆನ್ನಾಗಿ ಹೀರಿ, ಶಕ್ತಿಯನ್ನು ಪಕ್ಕದ ಲೋಹಕ್ಕೆ ದಾಟಿಸುತ್ತದೆ. 1942ರಲ್ಲಿ ವೈಸ್‌ಮನ್ ಎಂಬ ವಿಜ್ಞಾನಿ ಇದನ್ನು ಯುರೋಪಿಯಂ ಸಂಯುಕ್ತಗಳಲ್ಲಿ ಗುರುತಿಸಿದರು. ಲ್ಯಾಬ್‌ನಲ್ಲಿ ಇದಕ್ಕೆ ಆಂಟೆನಾ ಅಂತಲೇ ಹೆಸರು.

ಆಂಟೆನಾ ಆರಿಸುವುದರಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ಒಂದು ಲಿಂಕರ್ ಯುರೋಪಿಯಂ ಜೊತೆ ಕೆಂಡದ ಹಾಗೆ ಹೊಳೆಯಿತು. ಅದೇ ಆಟೋಕ್ಲೇವ್ (ಒತ್ತಡದಲ್ಲಿ ಬೇಯಿಸುವ ಮುಚ್ಚಿದ ಪಾತ್ರೆ), ಅದೇ ತಾಪ, ಲೋಹ ಮಾತ್ರ ಟರ್ಬಿಯಂ ಹಾಕಿದೆ. ಹರಳು ಬಂತು, ಹರಳಿನ ಒಳರಚನೆ ತೋರಿಸುವ ಎಕ್ಸ್-ರೇ ಮಾದರಿಯೂ ಹೊಂದಿತು, ಬೆಳಕು ಮಾತ್ರ ಇಲ್ಲ. ಮೂರು ವಾರ ಟರ್ಬಿಯಂ ಡಬ್ಬಿಯನ್ನು ಸುಮ್ನೆ ಬೈದೆ. ಲೆಕ್ಕ ಮಾಡದೇ ಇದ್ದದ್ದು ನಾನು. ಯುರೋಪಿಯಂ ಬೆಳಕು ಸೂಸುವ ಮಟ್ಟ ಸೆಂಟಿಮೀಟರಿಗೆ ಸುಮಾರು 17,300 ಅಲೆಗಳ ಎತ್ತರದಲ್ಲಿದೆ (ಶಕ್ತಿಯ ಅಳತೆ ಇದು, ಸಂಖ್ಯೆ ದೊಡ್ಡದಾದಷ್ಟೂ ಶಕ್ತಿ ಹೆಚ್ಚು), ಟರ್ಬಿಯಂನದು ಸುಮಾರು 20,500. ನನ್ನ ಲಿಂಕರಿನ ಟ್ರಿಪ್ಲೆಟ್ ಮಟ್ಟ, ಅಂದರೆ ಅದು ಲೋಹಕ್ಕೆ ಶಕ್ತಿ ದಾಟಿಸುವ ಮೆಟ್ಟಿಲು, ಇವೆರಡರ ನಡುವೆ ಸಿಕ್ಕಿಕೊಂಡಿತ್ತು. ಕೆಳಗೆ ನಿಂತವನು ಅಟ್ಟಕ್ಕೆ ನೀರು ಸುರಿಯುವುದು ಹೇಗೆ?

ಪ್ರಶ್ನೆ: ಮಾಡಿದ ದಿನ ಜೋರಾಗಿ ಹೊಳೆದ ಯುರೋಪಿಯಂ ಪುಡಿ ಎರಡು ತಿಂಗಳಲ್ಲಿ ಮಂಕಾಗಿದೆ. ಕೆಟ್ಟಿತೆಂದು ಬಿಸಾಡಲೇ?
– ಸಂಶೋಧನಾ ವಿದ್ಯಾರ್ಥಿ

ಉತ್ತರ: ತಡೆಯಿರಿ, ಮೊದಲು ಒಣಗಿಸಿ ನೋಡಿ.

ಈ ಲೋಹಗಳಿಗೆ ಸುತ್ತ ಎಂಟೋ ಒಂಬತ್ತೋ ಬಂಧ ಬೇಕು. ಲಿಂಕರ್‌ಗಳು ದಪ್ಪ, ಎಲ್ಲ ಜಾಗವನ್ನೂ ತುಂಬಲಾರವು. ಉಳಿದ ಸೀಟಿನಲ್ಲಿ ಗಾಳಿಯ ತೇವ ಬಂದು ಕೂರುತ್ತದೆ. ನೀರಿನ ಓ-ಎಚ್ ಬಂಧದ ಕಂಪನ ಲೋಹದ ಶಕ್ತಿಯನ್ನು ಬೆಳಕಾಗುವ ಮೊದಲೇ ಕದಿಯುತ್ತದೆ. ಕಳ್ಳತನ ಎಷ್ಟು ಅನ್ನುತ್ತೀರಾ? ನೀರಿನಲ್ಲಿರುವ ಯುರೋಪಿಯಂ ಅಯಾನಿನ ಹೊಳಪಿನ ಆಯುಸ್ಸು ಸುಮಾರು 0.1 ಮಿಲಿಸೆಕೆಂಡ್. ಭಾರಜಲದಲ್ಲಿ (ಹೈಡ್ರೋಜನ್ ಬದಲು ಅದರ ಭಾರದ ರೂಪ ಡ್ಯೂಟೀರಿಯಂ, ಅಂದರೆ ಡಿ, ಇರುವ ನೀರು) 3 ಮಿಲಿಸೆಕೆಂಡಿಗೂ ಜಾಸ್ತಿ. ಅಲ್ಲಿ ಓ-ಡಿ ಬಂಧ ನಿಧಾನವಾಗಿ ಕಂಪಿಸುತ್ತದೆ, ಅದಕ್ಕೆ ಕದಿಯಲು ಅಷ್ಟು ಸುಲಭವಲ್ಲ. ಈ ವ್ಯತ್ಯಾಸ ಅಳೆದು ಲೋಹಕ್ಕೆ ಎಷ್ಟು ನೀರಿನ ಅಣು ಅಂಟಿವೆ ಎಂದು ಎಣಿಸುವ ದಾರಿಯನ್ನು ಹಾರಕ್ಸ್ ಮತ್ತು ಸಡ್ನಿಕ್ 1979ರಲ್ಲಿ ಕೊಟ್ಟರು. ನನಗೆ ಈ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ಉಪಾಯ ಇದು. ಗಡಿಯಾರ ಹಿಡಿದು ನೀರು ಎಣಿಸುವುದು!

ನಿರ್ವಾತದಲ್ಲಿ ಹದವಾಗಿ ಬಿಸಿ ಮಾಡಿ. ಹೊಳಪು ಮರಳಿದರೆ ಮುಚ್ಚಳ ಬಿಗಿ ಮಾಡಿ ಇಡಿ. ಎಕ್ಸ್-ರೇ ಮಾದರಿಯೇ ಬದಲಾಗಿದ್ದರೆ ಬಲೆ ಕುಸಿದಿದೆ. ಆಗ ಹೊಸದಾಗಿ ಮಾಡಿ.

ಪ್ರಶ್ನೆ: ಕತ್ತಲಲ್ಲಿ ಗಂಟೆಗಟ್ಟಲೆ ಹೊಳೆಯುವ ಸ್ಟಿಕ್ಕರ್ ಕೂಡ ಇದೇನಾ?

ಉತ್ತರ: ಅಲ್ಲ. ಈ ಪುಡಿಗಳ ಬೆಳಕು ದೀಪ ಆರಿಸಿದ ಕೆಲವು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಆ ಸ್ಟಿಕ್ಕರ್‌ನಲ್ಲಿ ಹೆಚ್ಚಾಗಿ ಇರುವುದು ಸ್ಟ್ರಾನ್ಷಿಯಂ ಅಲ್ಯುಮಿನೇಟ್. ಅದರಲ್ಲೂ ಚೂರು ಯುರೋಪಿಯಂ ಇರುತ್ತದೆ, ಆದರೆ ಎರಡು ಧನ ಆವೇಶದ ರೂಪದಲ್ಲಿ. ಅದರ ಕಥೆಯೇ ಬೇರೆ.

ಪ್ರಶ್ನೆ: ನನ್ನ ಟರ್ಬಿಯಂ ಪಾಲಿಮರ್ ಕಬ್ಬಿಣದ ಅಯಾನು ಸೇರಿಸಿದೊಡನೆ ಆರಿಹೋಗುತ್ತದೆ. ಸೆನ್ಸರ್ ಎಂದು ಪ್ರಬಂಧ ಬರೆಯಬಹುದೇ?

ಉತ್ತರ: ಇಂಥ ಪ್ರಬಂಧಗಳನ್ನು ಓದಿ ಓದಿ ನನಗೆ ಸಾಕಾಗಿದೆ, ಕ್ಷಮಿಸಿ. ಮೂರು ಧನ ಆವೇಶದ ಕಬ್ಬಿಣದ ದ್ರಾವಣ ಸಾಮಾನ್ಯವಾಗಿ ಹಳದಿ ಕಾಣುತ್ತದೆ, ಯುವಿಯನ್ನು ತಾನೇ ಗಟ್ಟಿಯಾಗಿ ಹೀರುತ್ತದೆ. ನಿಮ್ಮ ಪುಡಿಗೆ ಬೆಳಕೇ ತಲುಪದಿದ್ದರೆ ಆರದೇ ಏನು ಮಾಡೀತು?

ಒಳ್ಳೆಯ ಮಾದರಿ ಬೇಕಿದ್ದರೆ 2012ರಲ್ಲಿ ಬಂದ ಉಷ್ಣಮಾಪಕ ನೋಡಿ. ಒಂದೇ ಬಲೆಯಲ್ಲಿ ಬಹುಪಾಲು ಟರ್ಬಿಯಂ, ಶೇಕಡಾ ಒಂದಕ್ಕಿಂತ ಕಡಿಮೆ ಯುರೋಪಿಯಂ. ಬಿಸಿ ಏರಿದಂತೆ ಟರ್ಬಿಯಂ ತನ್ನ ಶಕ್ತಿಯನ್ನು ಯುರೋಪಿಯಂಗೆ ದಾಟಿಸುತ್ತದೆ, ಹಸಿರು ಇಳಿದು ಕೆಂಪು ಏರುತ್ತದೆ. ಎರಡರ ಅನುಪಾತ ನೋಡುವುದರಿಂದ ದೀಪ ಸ್ವಲ್ಪ ಮಂಕಾದರೂ, ಪುಡಿ ಕಡಿಮೆಯಾದರೂ ಅಳತೆ ಕೆಡುವುದಿಲ್ಲ.

ನೀವು ಈ ವಾರ ಮಾಡಬೇಕಾದ್ದು ಇಷ್ಟೇ: ಪುಡಿಯನ್ನು ಪಕ್ಕಕ್ಕಿಟ್ಟು, ಬರೀ ಕಬ್ಬಿಣದ ದ್ರಾವಣದ ಹೀರಿಕೆ ಅಳೆಯಿರಿ. ಟರ್ಬಿಯಂ ಹೊಳಪಿನ ಆಯುಸ್ಸನ್ನೂ ಕಬ್ಬಿಣ ಹಾಕುವ ಮೊದಲು, ಹಾಕಿದ ಮೇಲೆ ನೋಡಿ. ಆಯುಸ್ಸು ಬದಲಾಗದೆ ಹೊಳಪು ಮಾತ್ರ ಇಳಿದು, ಆ ಇಳಿಕೆ ಹೀರಿಕೆಯ ಲೆಕ್ಕಕ್ಕೆ ಹೊಂದಿದರೆ, ಕಬ್ಬಿಣ ಬೆಳಕಿಗೆ ಅಡ್ಡ ನಿಂತಿದೆ, ಅಷ್ಟೇ.