ಗಟ್ಟಿಯಾದ ಸಿಮೆಂಟ್ ಸಂದಿನಲ್ಲಿ ಸಣ್ಣ ಸೀಳು ಮಾಡಲು ಯಾವ ಉಪಕರಣ ಸರಿ?

ಕೊಪ್ಪಳದ ಗ್ರಾನೈಟ್ ಕಲ್ಲಿನ ಗೋಡೆಯ ಸಂದುಗಳಲ್ಲಿ ಕ್ಲಿಪ್ ಕೂರಿಸಲು 25 ಮಿ.ಮೀ. ಉದ್ದ, 6 ಮಿ.ಮೀ. ಅಗಲ, 20 ಮಿ.ಮೀ. ಆಳದ ಸೀಳು ಬೇಕು, ಗ್ರೈಂಡರ್ ಆಗುತ್ತದೆಯೇ ಎಂದು ಕೇಳಿದ್ದೀರಿ. ಬೇಡ. 100 ಮಿ.ಮೀ. ಬ್ಲೇಡ್ ದುಂಡಗಿರುವುದರಿಂದ 20 ಮಿ.ಮೀ. ಒಳಗಿಳಿಯುವಷ್ಟರಲ್ಲಿ ಹೊರಗೆ 80 ಮಿ.ಮೀ. ಉದ್ದ ಕೊರೆದಿರುತ್ತದೆ. ನಿಂತ ಸಂದಾದರೆ ಮೇಲೆ ಕೆಳಗಿನ ಕಲ್ಲಿನ ಅಂಚೂ ಹಾಳು.

ಈ ಅಳತೆಗೆ ಡ್ರಿಲ್ ಮತ್ತು ಉಳಿಯೇ ಸರಿ. 5 ಮಿ.ಮೀ. ಕಾಂಕ್ರೀಟ್ ಬಿಟ್‌ಗೆ ತುದಿಯಿಂದ 20 ಮಿ.ಮೀ. ಬಿಟ್ಟು ಟೇಪ್ ಸುತ್ತಿ. ಮೊದಲು ಎರಡು ತುದಿಯಲ್ಲಿ, ಆಮೇಲೆ ನಡುವೆ ಎರಡು, ಒಟ್ಟು ನಾಲ್ಕು ತೂತು ಹಾಕಿ. ತೂತುಗಳ ನಡುವೆ ಒಂದೂವರೆ ಮಿ.ಮೀ.ನಷ್ಟು ಗಾರೆ ಉಳಿಯಲಿ, ಇಲ್ಲವಾದರೆ ಬಿಟ್ ಪಕ್ಕದ ತೂತಿಗೆ ಜಾರುತ್ತದೆ. ಉಳಿದದ್ದನ್ನು 6 ಮಿ.ಮೀ. ಚಪ್ಪಟೆ ಉಳಿಯಿಂದ ಮೆಲ್ಲಗೆ ಬಡಿದು ತೆಗೆಯಿರಿ. ಬಿಟ್ ಕಿರುಗುಟ್ಟಿ, ಪುಡಿ ಬರುವುದು ನಿಂತರೆ ಕಲ್ಲಿಗೆ ತಾಗಿದೆ ಎಂದರ್ಥ. ಒತ್ತಬೇಡಿ, ತುದಿ ಕಾದು ಮೊಂಡಾಗುತ್ತದೆ.

ಹತ್ತಾರು ಸೀಳು ಬೇಕಿದ್ದರೆ ಕಾರ್ಬೈಡ್ ಹರಳಿನ ಬ್ಲೇಡ್ ಹಾಕಿದ ಮಲ್ಟಿಟೂಲ್ (ಬ್ಲೇಡನ್ನು ವೇಗವಾಗಿ ಅತ್ತಿತ್ತ ಅಲುಗಿಸುವ ವಿದ್ಯುತ್ ಉಪಕರಣ) ಅಂಚನ್ನು ಚೊಕ್ಕವಾಗಿ ಕತ್ತರಿಸುತ್ತದೆ, ಆದರೆ ಬ್ಲೇಡ್ ಬೇಗ ಸವೆಯುತ್ತದೆ.

ಹಳೆಯ ಸುಣ್ಣದ ಗಾರೆಯಾದರೆ ಡ್ರಿಲ್ಲಿನ ಹ್ಯಾಮರ್ ಮೋಡ್ (ಬಡಿಯುತ್ತಾ ಕೊರೆಯುವುದು) ಹಾಕಲೇಬೇಡಿ, ಕಲ್ಲು ಸಡಿಲಾಗುತ್ತದೆ. ಎನ್95 ಮಾಸ್ಕ್, ಕನ್ನಡಕ ಕಡ್ಡಾಯ. ಈ ಧೂಳಿನ ಸಿಲಿಕಾ ಶ್ವಾಸಕೋಶ ಸೇರಿದರೆ ಹೋಗುವುದಿಲ್ಲ.